ಲೈಬ್ರರಿಯವರ ಪ್ಯಾಂಟು

ಮಾರ್ಚ್ 4

ಬಟ್ಟೆ ಮಿಲ್ಲಿನವರು ವರ್ಷ ವರ್ಷ ಕೊಡುವ ಡೈರಿಗಳನ್ನು ಈವರೆಗೆ ಮೇಜಿನ ಕುಂಟು ಕಾಲಿನ ಕೆಳಗಿಡುವುದಕ್ಕಷ್ಟೇ ಬಳಸಿದ್ದೆ. ಇವತ್ತು ಮೊದಲ ಸಲ ಒಂದರಲ್ಲಿ ಬರೆಯುತ್ತಿದ್ದೇನೆ. ಯಾರಿಗೂ ಹೇಳಲಾಗದ ಮಾತನ್ನು ಎಲ್ಲಾದರೂ ಇಳಿಸಬೇಕಲ್ಲ.

ಬೆಳಿಗ್ಗೆ ಕಟಿಂಗ್ ಟೇಬಲ್ಲಿನ ಮುಂದೆ ಸ್ಟೂಲಿನಿಂದ ಎದ್ದೆ. ಪ್ಯಾಂಟು ನನ್ನ ಜೊತೆ ಏಳಲಿಲ್ಲ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಮಾನ ಹಿಡಿದುಕೊಂಡು ನಿಂತೆ. ಸದ್ಯ, ಗಿರಾಕಿ ಯಾರೂ ಇರಲಿಲ್ಲ. ಮಗಳು ಆ ಕಡೆ ತಿರುಗಿ ಕಾಜಾ ಹಾಕುತ್ತಿದ್ದಳು. ಮಧ್ಯಾಹ್ನ ಅವಳು ಊಟಕ್ಕೆ ಹೋದದ್ದೇ ತಡ, ಅಂಗಡಿಯ ಷಟರ್ ಅರ್ಧ ಎಳೆದು, ಟವೆಲ್ ಸುತ್ತಿಕೊಂಡು ಕೂತು, ನನ್ನ ಪ್ಯಾಂಟಿನ ಸೊಂಟವನ್ನು ನಾನೇ ಸಣ್ಣ ಮಾಡಿಕೊಂಡೆ. ಸಂಕ್ರಾಂತಿಗೆ ಮುಂಚೆ ಒಮ್ಮೆ ಮಾಡಿದ್ದೆ, ಈಗ ಎರಡನೇ ಸಲ.

ಜನರ ಹೊಟ್ಟೆ ಬೆಳೆದಾಗಲೆಲ್ಲ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟವನು ನಾನು. ಗೂನು ಬೆನ್ನಿನವರಿಗೆ ನೆಟ್ಟಗಿನ ಬೆನ್ನು ಕೊಟ್ಟಿದ್ದೇನೆ. ಜೋಲು ಭುಜದವರನ್ನು ದೊರೆಗಳ ಹಾಗೆ ಕಳಿಸಿದ್ದೇನೆ. ಹೊಲಿಗೆಯೆಂದರೆ ಅರ್ಧಕ್ಕರ್ಧ ಮುಚ್ಚಿಡುವ ವಿದ್ಯೆ. ಆ ವಿದ್ಯೆ ಈಗ ನನ್ನ ಮೈಮೇಲೆಯೇ ನಡೆಯುತ್ತಿದೆ. ಅಂಗಿಯ ಭುಜಕ್ಕೆ ಒಳಗಿನಿಂದ ಹತ್ತಿಯ ಪ್ಯಾಡು ಕೂಡಿಸಿದ್ದೇನೆ. ಕನ್ನಡಿಯಲ್ಲಿ ನೋಡಿದರೆ ಹಳೆಯ ನಾನೇ ಕಾಣುತ್ತೇನೆ. ಅಂಗಿಯೊಳಗೆ ಕೈ ಹಾಕಿದರೆ ಹ್ಯಾಂಗರು ಸಿಗುತ್ತದೆ.

ಇವಳಿಗೆ ಗೊತ್ತಾಗಿಲ್ಲ. ಹೆಂಡತಿಗೇ ಗೊತ್ತಾಗದ ಹಾಗೆ ಬಟ್ಟೆ ಹಾಕಿಕೊಳ್ಳುವುದು ಎಂಥ ದುರವಸ್ಥೆ!

ಮಾರ್ಚ್ 12

ಅಂಗಡಿಯ ಮೆಟ್ಟಿಲ ಹತ್ತಿರ ಮುಗ್ಗರಿಸಿದೆ. ಬಿದ್ದದ್ದೇನೂ ಅಲ್ಲ, ಕಂಬ ಹಿಡಿದುಕೊಂಡೆ. ಅಷ್ಟಕ್ಕೇ ತಾಯಿ ಮಗಳು ಸೇರಿ ಆಸ್ಪತ್ರೆಗೆ ಎಳೆದುಕೊಂಡು ಹೋದರು.

ಅಲ್ಲಿ ನರ್ಸಮ್ಮ ಒಂದು ಕುರ್ಚಿಯಲ್ಲಿ ಕೂರಿಸಿ, "ಕೈ ಊರದೆ ಎದ್ದು ಕೂತು ಮಾಡಿ ತಾತ" ಅಂದಳು. ಎರಡು ಸಲ ಎದ್ದೆ. ಮೂರನೆಯದಕ್ಕೆ ತೊಡೆ ನಡುಗಿತು, ಕೈ ತಾನಾಗಿಯೇ ಕುರ್ಚಿಯ ಹಿಡಿಗೆ ಹೋಯಿತು. ಆಮೇಲೆ ಒಂದು ಯಂತ್ರದ ಹಿಡಿ ಕೊಟ್ಟು ಹಿಂಡಲು ಹೇಳಿದಳು. ದಪ್ಪ ಕೋಟಿನ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಒಂದೇ ಏಟಿಗೆ ಕತ್ತರಿಸುತ್ತಿದ್ದ ಕೈ ಇದು. ಹಲ್ಲು ಕಚ್ಚಿ ಹಿಂಡಿದೆ. ಯಂತ್ರದ ಮುಳ್ಳು ಸೋಮಾರಿಯ ಹಾಗೆ ಒಂದಿಷ್ಟು ಮಗ್ಗುಲಾಯಿತು, ಅಷ್ಟೆ. ಮಗಳು ನೋಡುತ್ತಿದ್ದಳು. ನೆಲ ಬಿರಿದು ಬಾಯಿ ಬಿಡಬಾರದೆ ಅನ್ನಿಸಿತು.

ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಹೇಳಿದರು: "ಇದು ಬರೀ ವಯಸ್ಸಲ್ಲ ಸರ್. ಮೈ ಸೊರಗಿದೆ. ತೂಕ, ಹಿಡಿತ, ನಡಿಗೆ, ಮೂರೂ ಕಡಿಮೆ ಆಗಿದೆ. ಮೈ ಹೀಗೆ ಸೊರಗಿದವರಿಗೆ ಮುಂದೆ ಮರೆವಿನ ಕಾಯಿಲೆ ಬರೋ ಸಾಧ್ಯತೆ ಸ್ವಲ್ಪ ಹೆಚ್ಚು."

ಮಗಳು ಕೇಳಿದಳು, "ಬಂದೇ ಬರತ್ತಾ ಡಾಕ್ಟ್ರೇ?"

"ಬಂದೇ ಬರತ್ತೆ ಅಂತ ಯಾರು ಹೇಳಿದ್ರು? ಈಗಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಚೆನ್ನಾಗಿ ತಿನ್ನಲಿ, ನಡೀಲಿ, ಕುರ್ಚಿಯಿಂದ ಎದ್ದು ಕೂರೋ ವ್ಯಾಯಾಮ ದಿನಾ ಮಾಡ್ಲಿ. ತಿಂಗಳಾದ ಮೇಲೆ ಮತ್ತೆ ತೂಕ ನೋಡೋಣ. ಆಗಲೂ ಇಳಿದಿದ್ರೆ ಇನ್ನೂ ಕೆಲವು ಪರೀಕ್ಷೆ ಮಾಡ್ಬೇಕು."

ಹೊರಗೆ ಬಂದ ಮೇಲೆ ಮಗಳು ಮೆಲ್ಲಗೆ ಅಂದಳು: "ಅಪ್ಪಾ, ತೂಕ ಏರೋವರೆಗೂ ಕಟಿಂಗ್ ನಾನೇ ನೋಡ್ಕೋತೀನಿ. ಮುಂದಿನ ತಿಂಗಳೂ ಇಳಿದಿದ್ರೆ ನೀವು ಮನೇಲಿ ಆರಾಮಾಗಿರಿ."

ಆರಾಮ! ನಮ್ಮಣ್ಣನೂ ಮನೆಯಲ್ಲಿ ಆರಾಮಾಗಿಯೇ ಇದ್ದ. ಅವನೂ ಟೈಲರೇ. ಕೊನೆಗೆ ಒಂದು ದಿನ ಸ್ವಂತ ಮಗನನ್ನೇ "ಬನ್ನಿ ಸ್ವಾಮಿ, ಅಳತೆ ಕೊಡ್ಬೇಕಾ?" ಎಂದು ಕೇಳಿದ. ಆ ಹುಡುಗ ಅಳತೆ ಕೊಟ್ಟ. ಕೈ ಎತ್ತು ಅಂದಾಗ ಎತ್ತಿದ, ತಿರುಗು ಅಂದಾಗ ತಿರುಗಿದ. ಅದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.

ಕತ್ತರಿ ಕೈಬಿಟ್ಟರೆ ನನ್ನ ಗತಿಯೂ ಅದೇ. ಬಿಡುವುದಿಲ್ಲ.

ಮಾರ್ಚ್ 25

ಇವಳು ಬೆಳಿಗ್ಗೆ ಎರಡು ಮೊಟ್ಟೆ, ಸಂಜೆ ಹಾಲು, ನಡುವೆ ಕಡಲೆಬೀಜ ಎಂದು ಸಾಲಾಗಿ ತಂದಿಡುತ್ತಾಳೆ. "ಬಾಯಿ ಆಡಿಸ್ರೀ, ಮಾತಾಡೋಕೆ ಆಡಿಸ್ತೀರಲ್ಲ" ಎಂದು ಗದರುತ್ತಾಳೆ. ಅರ್ಧ ತಿನ್ನುವಷ್ಟರಲ್ಲಿ ಸಾಕಾಗುತ್ತದೆ. ಉಳಿದದ್ದು ಬೀದಿಯ ನಾಯಿಗೆ. ನಾಯಿ ದಪ್ಪಗಾಗುತ್ತಿದೆ.

ವ್ಯಾಯಾಮ ಮಾಡಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಎದುರು ಎದ್ದು ಕೂತು ಮಾಡಿದರೆ ಮಾಸ್ಟರಿಗೆ ಏನಾಯಿತು ಅಂತಾರೆ. ಮನೆಯಲ್ಲಿ ಮಾಡಿದರೆ ಇವಳು ಎದುರು ಕೂತು ಎಣಿಸುತ್ತಾಳೆ. ಎರಡೂ ನನ್ನಿಂದಾಗದು.

ಏಪ್ರಿಲ್ 14

ನಾಳೆ ತೂಕ.

ಪರದೆಗಳು ಗಾಳಿಗೆ ಹಾರದಿರಲಿ ಎಂದು ಕೆಳಗಿನ ಅಂಚಿನಲ್ಲಿ ಸೀಸದ ಬಿಲ್ಲೆ ಹಾಕಿ ಹೊಲಿಯುತ್ತೇವೆ. ಒಂದು ಡಬ್ಬಿ ತುಂಬ ಇದ್ದವು. ನನ್ನ ಕೋಟಿನ ಅಂಚು ಬಿಚ್ಚಿ, ಅಸ್ತರಿನ ಒಳಗೆ ಅವನ್ನು ಸಾಲಾಗಿ ಕೂಡಿಸಿ, ಕೈಹೊಲಿಗೆ ಹಾಕಿ ಮುಚ್ಚಿದೆ. ತೋಳಿನ ಮಡಿಕೆಯಲ್ಲೂ ಒಂದಿಷ್ಟು ಹಾಕಿದೆ. ಹೊರಗಿಂದ ಒಂದು ಎಳೆಯೂ ಕಾಣುವುದಿಲ್ಲ. ಇಷ್ಟು ಅಚ್ಚುಕಟ್ಟಾದ ಹೊಲಿಗೆ ಹಾಕಿ ವರ್ಷಗಳೇ ಆಗಿದ್ದವು.

ಕಳ್ಳತನಕ್ಕೆ ಕೈ ಎಷ್ಟು ಚುರುಕಾಗುತ್ತದೆ ನೋಡು.

ಏಪ್ರಿಲ್ 15

"ಕೋಟು ಬಿಚ್ಚಿ ತಾತ" ಅಂದಳು ನರ್ಸಮ್ಮ. "ಚಳಿಯಮ್ಮಾ, ನಡುಕ ಬರುತ್ತೆ" ಅಂದೆ. ಹೊರಗೆ ಬಿಸಿಲು ಸುಡುತ್ತಿತ್ತು. ಪಾಪ, ಮುದುಕರಿಗೆ ಚಳಿ ಜಾಸ್ತಿ ಎಂದು ಅವಳೇ ಸಮಾಧಾನ ಮಾಡಿಕೊಂಡು ತೂಕದ ಮೇಲೆ ನಿಲ್ಲಿಸಿದಳು.

ತೂಕ ಏರಿತ್ತು. ಡಾಕ್ಟರು ಸಂತೋಷದಿಂದ ನನ್ನ ಕೈ ಕುಲುಕಿದರು. "ನಿಮ್ಮಂಥವರು ಇದ್ರೆ ನಮ್ಮ ಕೆಲಸ ಸುಲಭ ಸರ್. ಹೀಗೇ ಮುಂದುವರಿಸಿ, ಎರಡು ತಿಂಗಳು ಬಿಟ್ಟು ಬಂದ್ರೆ ಸಾಕು." ಮಗಳು ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು, ಚಿಕ್ಕವಳಾಗಿದ್ದಾಗ ಮಾತಾಡುತ್ತಿದ್ದ ಹಾಗೆ. ಅಂಗಡಿಗೆ ಬಂದವಳೇ ಕತ್ತರಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

ಕೋಟಿನ ಭಾರಕ್ಕೆ ಭುಜ ಕಿತ್ತು ಬರುತ್ತಿತ್ತು. ಗೆದ್ದೆನಲ್ಲ, ಖುಷಿಯಾಗಬೇಕಿತ್ತು. ಇವಳು ಬಡಿಸಿದ ಊಟದ ಮುಂದೆ ತಲೆ ಎತ್ತಲಾಗಲಿಲ್ಲ.

ಮೇ 3

ವಕೀಲರ ಅಳತೆ ತೆಗೆದೆ. ಎದೆಯ ಸುತ್ತು ಟೇಪಿನಲ್ಲಿ ನೋಡಿದೆ. ನೋಡಿದ್ದು ಬಾಯಿಗೆ ಬರುವಷ್ಟರಲ್ಲಿ ಇಲ್ಲವಾಯಿತು. ಮತ್ತೆ ನೋಡಿದೆ. ಮಗಳು ಪೆನ್ನು ಹಿಡಿದು ಕಾಯುತ್ತಿದ್ದಳು. "ವಕೀಲರು ಉಸಿರು ಬಿಗಿ ಹಿಡೀತಾರೆ" ಎಂದು ತಮಾಷೆ ಮಾಡಿದೆ. ಇಬ್ಬರೂ ನಕ್ಕರು.

ಮೇ 9

ಲೈಬ್ರರಿಯವರು ಬಂದಿದ್ದರು. ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಎಷ್ಟೋ ಕಾಲವಾದರೂ ಬೀದಿಗೆಲ್ಲ ಅವರು ಲೈಬ್ರರಿಯವರೇ. ನನ್ನ ಅತಿ ಹಳೆಯ ಗಿರಾಕಿ, ಗೆಳೆಯ. ಸಕ್ಕರೆ ಕಾಯಿಲೆಯಿದ್ದರೂ ನಾಲಿಗೆ ಚಪಲ ಬಿಟ್ಟಿಲ್ಲ. ಬೂದುಬಣ್ಣದ ಪ್ಯಾಂಟಿನ ಜಿಪ್ಪು ಹೋಗಿದೆ ಎಂದು ಕೊಟ್ಟು ಹೋದರು. ಅದೇ ಬಟ್ಟೆಯ ಥಾನಿನಲ್ಲಿ ಅವರಿಗೊಂದು ನನಗೊಂದು ಪ್ಯಾಂಟು ಹೊಲಿದಿದ್ದೆ. "ನಾವಿಬ್ರೂ ಜೊತೆಗೆ ಹೋದ್ರೆ ಬ್ಯಾಂಡ್‌ಸೆಟ್ಟಿನವರು ಅಂದ್ಕೋತಾರೆ ಮಾಸ್ಟರ್" ಎಂದು ಆಗ ರೇಗಿಸಿದ್ದರು.

ಸಂಜೆ ಮಗಳು ಡೆಲಿವರಿಗೆ ಹೋಗಿದ್ದಳು. ಜಿಪ್ಪು ಹಾಕಿದೆ. ನನ್ನದನ್ನೂ ತೆಗೆದು ಸೊಂಟ ಇನ್ನೊಂದು ಸುತ್ತು ಸಣ್ಣ ಮಾಡಿದೆ.

ಮೇ 10

ಸಣ್ಣ ಮಾಡಿದ ಪ್ಯಾಂಟು ಇವತ್ತೂ ಸಡಿಲ! ಒಂದು ರಾತ್ರಿ ಕಳೆಯುವುದರೊಳಗೆ ಇಷ್ಟು ಇಳಿದೆನೆ? ಬೆಲ್ಟಿಗೆ ಹೊಸ ತೂತು ಹೊಡೆದೆ. ತೂತು ಓರೆಯಾಯಿತು. ಇವಳು ಕರೆದರೂ ಊಟಕ್ಕೆ ಏಳಲಿಲ್ಲ.

ಮೇ 12

ಲೈಬ್ರರಿಯವರು ಪ್ಯಾಂಟು ಹಿಡಿದುಕೊಂಡು ಬಂದರು. ಗುಂಡಿ ಹಾಕಲಾಗುತ್ತಿಲ್ಲವಂತೆ.

"ಬೇರೆಯವರ ಕೈಲಿ ಹೊಲಿಸಿದ್ದಿದ್ರೆ ಹೊಲಿಗೆ ತಪ್ಪಿದೆ ಅಂತಿದ್ದೆ. ನಿಮ್ಮ ಕೈ ತಪ್ಪಲ್ಲ ಮಾಸ್ಟರ್. ನಾನೇ ಊದಿದೀನಿ."

ನನಗೂ ಹಾಗೇ ಅನ್ನಿಸಿತು. "ಈ ವಯಸ್ಸಲ್ಲಿ ಹೊಟ್ಟೆ ಬರೋದು ಇದ್ದದ್ದೇ, ಬಾಯಿ ಕಟ್ಟಿ" ಎಂದು ಉಪದೇಶವನ್ನೂ ಮಾಡಿದೆ.

ಅವರು ಹೋದ ಮೇಲೆ, ಮಧ್ಯಾಹ್ನ ಸ್ಟೂಲಿನ ಮೇಲೆ ಕೂತಿದ್ದಾಗ, ಯಾಕೋ ನನ್ನ ಪ್ಯಾಂಟಿನ ಸೊಂಟಪಟ್ಟಿ ತಿರುಗಿಸಿ ನೋಡಿದೆ. ಮಾರ್ಚಿನ ಹೊಲಿಗೆ ಹಾಗೇ ಇತ್ತು. ಹೊಸ ಹೊಲಿಗೆ ಇರಲೇ ಇಲ್ಲ.

ಅವರದನ್ನು ನನ್ನದೆಂದು ಸಣ್ಣ ಮಾಡಿದ್ದೇನೆ. ಸೊಂಟಪಟ್ಟಿ ಮುಟ್ಟಿದರೆ ಅದು ಯಾರದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದೆನಲ್ಲ ನಾನು!

ಮೇ 13

ಬೆಳಿಗ್ಗೆಯೇ ಅವರ ಮನೆಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು. ಬಾಗಿಲಲ್ಲಿ ನಿಂತಾಗ ಬಾಯಿಂದ ಬಂದದ್ದೇ ಬೇರೆ: "ಕೊಡಿ, ಒಂಚೂರು ಸಡಿಲ ಮಾಡಿಕೊಡ್ತೀನಿ."

"ಬೇಡಿ ಮಾಸ್ಟರ್! ಸಡಿಲ ಮಾಡಿದ್ರೆ ಮತ್ತೆ ತಿಂತೀನಿ. ಈ ಪ್ಯಾಂಟಿಗೇ ಇಳೀತೀನಿ ಅಂತ ಹಠ ತೊಟ್ಟಿದೀನಿ. ರಾತ್ರಿ ಊಟ ಬಿಟ್ಟಾಯ್ತು. ನೀವೇ ನನ್ನ ಗುರು."

ಗುರು! ತಪ್ಪು ಒಪ್ಪಿಕೊಂಡರೆ ಇಡೀ ಬೀದಿಗೆ ಗೊತ್ತಾಗುತ್ತದೆ, ಬೀದಿಯಿಂದ ಮಗಳಿಗೆ, ಮಗಳಿಂದ ಡಾಕ್ಟರಿಗೆ. ಕತ್ತರಿ ಹೋಗುತ್ತದೆ. "ಒಳ್ಳೇದೇ" ಎಂದು ತಲೆಯಾಡಿಸಿ ಬಂದೆ. ದೊಡ್ಡ ಮನುಷ್ಯ ನಾನು.

ಮೇ 25

ಲೈಬ್ರರಿಯವರು ತರಕಾರಿ ಮಾರ್ಕೆಟ್ಟಿನಲ್ಲಿ ತಲೆ ಸುತ್ತಿ ಬಿದ್ದರಂತೆ. ಮಾತ್ರೆ ತೆಗೆದುಕೊಂಡು ಊಟ ಬಿಟ್ಟದ್ದಕ್ಕೆ ಸಕ್ಕರೆ ಪೂರ್ತಿ ಇಳಿದುಹೋಗಿತ್ತಂತೆ. ಸೊಪ್ಪು ಮಾರುವವಳು ಬಾಯಿಗೆ ಸಕ್ಕರೆ ನೀರು ಬಿಟ್ಟಿದ್ದರಿಂದ ಉಳಿದುಕೊಂಡರು ಎಂದು ಮಗಳು ಬಂದು ಹೇಳಿದಳು. ಹಣೆಗೆ ಹೊಲಿಗೆ ಹಾಕಿದ್ದಾರಂತೆ.

ಆ ಹೊಲಿಗೆ ಹಾಕಿಸಿದವನು ನಾನು. ಆ ಸೊಪ್ಪಿನವಳು ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಇವತ್ತು ನಾನು ಕೊಲೆಗಾರ.

ಮೇ 27

ಹೇಳಿದೆ. ಎಲ್ಲವನ್ನೂ ಹೇಳಿದೆ.

ಲೈಬ್ರರಿಯವರು ಹಣೆಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಒರಗಿದ್ದರು. ಅವರ ಹೆಂಡತಿ ಸಕ್ಕರೆಯಿಲ್ಲದ ಟೀ ತಂದು ಕೂತುಕೊಂಡರು. ಕಾಲು ನೋಡುತ್ತಾ ಹೇಳಿದೆ. ಪ್ಯಾಂಟು ಅದಲುಬದಲಾದದ್ದು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡದ್ದು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ಹಾಗಾಯ್ತು! ಸೊರಗಿದ್ದು ನೀವು, ಉಪವಾಸ ಇದ್ದದ್ದು ನಾನು!"

ನನಗೆ ನಗು ಬರಲಿಲ್ಲ. ಅಷ್ಟು ಸಣ್ಣ ಮಾಡಿಕೊಳ್ಳುವಂಥದ್ದು ನಿಮಗೇನಾಗಿದೆ ಎಂದು ಕೇಳಿದರು. ಕೋಟಿನ ಸೀಸದ ಸಂಗತಿಯನ್ನೂ ಹೇಳಿದೆ. ಆಗ ಅವರ ನಗು ನಿಂತಿತು.

"ಇದನ್ನ ಮಗಳಿಗೆ ಹೇಳಿ ಮಾಸ್ಟರ್. ಡಾಕ್ಟರಿಗೆ ಸುಳ್ಳು ತೂಕ ಕೊಟ್ರೆ ಅವರು ಯಾರಿಗೆ ಔಷಧಿ ಕೊಡೋದು, ನಿಮಗಾ, ಸೀಸಕ್ಕಾ?"

ಒಂದು ವಾರ ಕೊಡಿ, ನಾನೇ ಹೇಳುತ್ತೇನೆ ಎಂದೆ. ಕೈ ಮುಟ್ಟಿಸಿ ಮಾತು ತೆಗೆದುಕೊಂಡರು.

ಜೂನ್ 1

ಜ್ವರ. ಮಲಗಿದ್ದೇನೆ.

ಜೂನ್ 4

ಜ್ವರ ಬಿಟ್ಟಿದೆ. ಬಚ್ಚಲಿಗೆ ಹೋಗಲು ಇವಳ ಭುಜ ಹಿಡಿಯಬೇಕಾಯಿತು. "ಎಷ್ಟು ಹಗುರ ಆಗಿದೀರ್ರೀ" ಅಂದಳು. ಗೋಡೆಯ ಕಡೆ ತಿರುಗಿಕೊಂಡೆ.

ಜೂನ್ 8

ಅಂಗಡಿಗೆ ಹೋದೆ. ಮಗಳು ಕತ್ತರಿ ಕೊಡಲಿಲ್ಲ, ಗುಂಡಿ ಹಚ್ಚಲು ಕೊಟ್ಟಳು. ಕೇಳಲಿಲ್ಲ ನಾನೂ.

ಈ ಡೈರಿ ಬಟ್ಟೆ ಮಿಲ್ಲಿನವರು ಕೊಟ್ಟದ್ದು. ಯಾರಿಗೂ ಹೇಳಲಾಗದ ಮಾತನ್ನು ಎಲ್ಲಾದರೂ ಇಳಿಸಬೇಕಲ್ಲ ಎಂದು ಬರೆಯುತ್ತಿದ್ದೇನೆ. ಲೈಬ್ರರಿಯವರ ವಿಷಯ ಒಳಗೇ ಕೊರೆಯುತ್ತಿದೆ. ನನ್ನಿಂದಾಗಿ ಬಿದ್ದು ತಲೆ ಒಡೆದುಕೊಂಡ ಮನುಷ್ಯ ಇನ್ನೂ ತನ್ನ ಹೊಟ್ಟೆಯನ್ನೇ ದೂರಿಕೊಂಡಿರಬೇಕು. ಗೆಳೆಯನಿಗೆ ಒಂದು ಮಾತು ಹೇಳಲು ನನಗೆ ಈವರೆಗೆ ಧೈರ್ಯ ಬರಲಿಲ್ಲವಲ್ಲ! ಇಷ್ಟು ಹೇಡಿಯಾಗಿ ಬದುಕಿ ಏನು ಸಾಧಿಸಬೇಕಾಗಿದೆ? ಹೋಗಿ ಹೇಳುತ್ತೇನೆ. ಉಗಿದರೂ ಸರಿ.

ಜೂನ್ 10

ಬೆಳಿಗ್ಗೆ ಇವಳಿಗೂ ಹೇಳದೆ ಹೊರಟೆ. ಅವರ ಮನೆ ನಾಲ್ಕು ಬಾಗಿಲು ಆಚೆ, ಆದರೂ ಎರಡು ಕಡೆ ನಿಂತು ಸುಧಾರಿಸಿಕೊಳ್ಳಬೇಕಾಯಿತು. ದಾರಿಯಲ್ಲಿ ಮಾತು ಜೋಡಿಸಿಕೊಂಡೆ. ಲೈಬ್ರರಿಯವರು ಪೇಪರ್ ಓದುತ್ತಿದ್ದರು. ಹಣೆಯ ಪಟ್ಟಿ ತೆಗೆದಿದ್ದರು, ಕಲೆ ಎದ್ದು ಕಾಣುತ್ತಿತ್ತು.

ಕೂರದೆಯೇ ಶುರು ಮಾಡಿದೆ. "ನಿಮಗೆ ಒಂದು ವಿಷಯ ಮುಚ್ಚಿಟ್ಟಿದೀನಿ. ನೀವು ದಪ್ಪ ಆಗಿಲ್ಲ. ಪ್ಯಾಂಟನ್ನ ನಾನೇ ತಪ್ಪಿ ಸಣ್ಣ ಮಾಡಿದ್ದು."

ಒಳಗಿಂದ ಟೀ ತರುತ್ತಿದ್ದ ಅವರ ಹೆಂಡತಿ, "ಅಯ್ಯೋ, ಅದನ್ನ ಅವತ್ತೇ ಹೇಳಿದ್ರಲ್ಲ ಮಾಸ್ಟರ್, ನಾನೂ ಇಲ್ಲೇ ಕೂತಿದ್ದೆ..." ಅಂದರು. ಲೈಬ್ರರಿಯವರು ತಟ್ಟನೆ ಅವರ ಕಡೆ ತಿರುಗಿ, "ನೀನು ಒಳಗೆ ಹೋಗು, ಹಾಲು ಉಕ್ಕತ್ತೆ" ಎಂದು ಗದರಿದರು. ಪಾಪ, ಆಕೆಗೂ ವಯಸ್ಸಾಯಿತು. ಯಾರೋ ಹೇಳಿದ್ದನ್ನು ಇನ್ಯಾರ ಲೆಕ್ಕಕ್ಕೋ ಹಾಕುತ್ತಾರೆ.

"ಹೇಳಿ ಮಾಸ್ಟರ್" ಅಂದರು. ಹೇಳಿದೆ. ಪ್ಯಾಂಟು, ಸುಳ್ಳು, ಕೋಟು, ಸೀಸ, ಎಲ್ಲವನ್ನೂ ಕೊನೆಯವರೆಗೂ ಹೇಳಿದೆ. ನಗುತ್ತಾರೆ ಅಥವಾ ಬೈಯುತ್ತಾರೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಇಷ್ಟು ಶಾಂತವಾಗಿ ಕೇಳುತ್ತಾರೆಂದು ಗೊತ್ತಿದ್ದರೆ ಮೊದಲೇ ಬರುತ್ತಿದ್ದೆ.

"ಏಳಿ" ಅಂದರು. "ಮಗಳ ಹತ್ರ ಹೋಗೋಣ. ನಾನೂ ಬರ್ತೀನಿ."

ಅವರು ನನ್ನ ತೋಳು ಹಿಡಿದುಕೊಂಡರು. ಭುಜದ ಪ್ಯಾಡು ಕೈಗೆ ಸಿಕ್ಕಿರಬೇಕು. ಇಬ್ಬರು ಮುದುಕರು ಒಬ್ಬರಿಗೊಬ್ಬರು ಆತುಕೊಂಡು ಬೀದಿಯ ನಡುವೆ ಹೋದೆವು. ಸೈಕಲ್ಲಿನವನೊಬ್ಬ ಬೆಲ್ ಹೊಡೆದ. ಲೈಬ್ರರಿಯವರು, "ಹೊಡಿಯೋ ಹೊಡಿ, ನಿಂಗೂ ಮುಪ್ಪು ಬರತ್ತೆ" ಅಂದರು.

ಅಂಗಡಿಯಲ್ಲಿ ಮಗಳು ಒಬ್ಬಳೇ ಇದ್ದಳು. ಅವಳೆದುರು ನಿಂತು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ನಾನು ಹೇಳಿಕೊಟ್ಟ ಹೊಲಿಗೆಯಲ್ಲಿ ಹೊಟ್ಟೆ ಹೊರೆಯುವವಳು, ಚಿಕ್ಕಂದಿನಲ್ಲಿ ನಾನು ಸುಳ್ಳು ಹೇಳಿದರೆ ಅಳುತ್ತಿದ್ದವಳು. ಮಾತು ಅರ್ಧದಲ್ಲಿ ನಿಂತಿತು. ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತುಬಿಟ್ಟೆ. ಮಾತಿಗಿಂತ ಅದೇ ಸುಲಭ ಅನ್ನಿಸಿತು. ಅವಳು ನನ್ನ ಪಕ್ಕೆಲುಬು ನೋಡಿದಳು, ಕೆಳಗೆ ಬಿದ್ದ ಅಂಗಿಯ ಪ್ಯಾಡು ನೋಡಿದಳು. ಎದ್ದು ಹೋಗಿ ಷಟರ್ ಎಳೆದು ಬಂದಳು. ಮಗಳೆದುರು ಹಾಗೆ ನಿಂತಾಗ ಆದ ನಾಚಿಕೆ ಈ ಜನ್ಮಕ್ಕೆ ಸಾಕು.

ಬೈಯಲಿಲ್ಲ. ಇಸ್ತ್ರಿ ಮಾಡಿದ ಯಾರದೋ ಶಾಲು ತಂದು ಹೊದಿಸಿದಳು.

"ನಾಳೆ ಡಾಕ್ಟರ ಹತ್ರ ಹೋಗೋಣ ಅಪ್ಪಾ. ಎಲ್ಲ ಹೇಳೋಣ. ಬೈದ್ರೆ ಇಬ್ರೂ ಬೈಸ್ಕೊಳ್ಳೋಣ."

"ಆಯ್ತಮ್ಮ" ಅಂದೆ. "ಕತ್ತರಿ ನೀನೇ ಇಟ್ಕೋ."

ಆಮೇಲೆ ಅವಳು ಕೇಳಿದಳು: "ಲೈಬ್ರರಿ ಮಾಮನಿಗೆ ಯಾವಾಗ ಹೇಳಿದ್ರಿ?"

"ಇವತ್ತೇ. ಈಗ ಅರ್ಧ ಗಂಟೆ ಆಯ್ತು ಅಷ್ಟೆ. ಇಷ್ಟು ದಿನ ಹೇಳೋಕೆ ಮುಖ ಇರ್ಲಿಲ್ಲ."

ಮಗಳು ಲೈಬ್ರರಿಯವರ ಮುಖ ನೋಡಿದಳು. ಅವರು ಇಲ್ಲವೆಂಬಂತೆ ಮೆಲ್ಲಗೆ ತಲೆಯಾಡಿಸಿ, ಮುಚ್ಚಿದ ಷಟರಿನ ಕಡೆ ತಿರುಗಿ ನಿಂತರು. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಹೇಳಬೇಕಾದದ್ದನ್ನೆಲ್ಲ ಹೇಳಿಯಾಯಿತು, ಒಂದು ಸುಳ್ಳೂ ಉಳಿಸಿಕೊಂಡಿಲ್ಲ. ನಾನು ಹೇಳುವಾಗ ಅವಳು ಅಳಲಿಲ್ಲ, ಎಲ್ಲ ಮುಗಿದ ಮೇಲೆ ಈಗ ಯಾಕೆ ಅತ್ತಳೋ ತಿಳಿಯದು. ತಲೆ ಸವರಿ, "ಸುಮ್ನಿರಮ್ಮ, ಇನ್ನು ಏನೂ ಬಾಕಿ ಇಲ್ಲ" ಎಂದು ಸಮಾಧಾನ ಮಾಡಿದೆ.